ಕಾರ್ಡಿನಿಂದ ಹೋದ ಹಣ: ಮೂರು ದಿನದೊಳಗೆ ಮಾಡಬೇಕಾದ ಕೆಲಸ

ನಾವು ಮಾಡದ ಖರೀದಿಗೆ ನಮ್ಮ ಕಾರ್ಡಿನಿಂದ ಹಣ ಕಡಿತವಾದರೆ ‘ಹೋದದ್ದು ಹೋಯಿತು, ಇನ್ನು ಬ್ಯಾಂಕಿಗೆ ಅಲೆಯುವವರು ಯಾರು’ ಎಂದು ಸುಮ್ಮನಾಗುವವರು ನಮ್ಮ ಹೋಟೆಲ್ ಬಾಂಧವರಲ್ಲಿ ಇದ್ದಾರೆ. ಬೆಳಗ್ಗಿನ ಇಡ್ಲಿಯಿಂದ ರಾತ್ರಿ ಗಲ್ಲಾ ಮುಚ್ಚುವವರೆಗೆ ಪುರುಸೊತ್ತಿಲ್ಲದ ಉದ್ಯಮ ನಮ್ಮದು, ನಿಜ. ಆದರೆ ಇಂಥ ಹಣ ಮರಳಿ ಪಡೆಯುವುದು ನಮ್ಮ ಹಕ್ಕು. ಆ ಹಕ್ಕಿಗೆ ಗಡುವು ಇದೆ ಎಂಬುದನ್ನು ಗಮನಿಸಬೇಕು.

ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ನಿಯಮ ಬಂತು. ಆದುದರಿಂದ ಡೊಂಬಿವಲಿ, ಕಲ್ಯಾಣ್ ಕಡೆಯ ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇರುವವರು ‘ಇದು ದೊಡ್ಡ ಬ್ಯಾಂಕುಗಳಿಗೆ ಮಾತ್ರ’ ಎಂದು ತಿಳಿಯಬೇಕಾಗಿಲ್ಲ. ಸುತ್ತೋಲೆ ಹಾಕಿಕೊಟ್ಟ ಲೆಕ್ಕ ಹೀಗಿದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಮ್ಮದೂ ಅಲ್ಲ, ನಡುವೆ ಬೇರೆಲ್ಲೋ ಕಳವಾಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟಲ್ಲಿ ಪೂರ್ತಿ ಹಣ ಬ್ಯಾಂಕಿನ ಹೊಣೆ. ನಾಲ್ಕರಿಂದ ಏಳನೆಯ ದಿನದೊಳಗಾದರೆ ನಮ್ಮ ಪಾಲಿಗೆ ಒಂದು ಮಿತಿಯವರೆಗೆ ನಷ್ಟ. ಏಳು ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಟ್ಟ ಧೋರಣೆಯಂತೆ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ, ರಜೆಯೂ ಇಲ್ಲ. ಶುಕ್ರವಾರ ಸಂದೇಶ ಬಂದು ಮರುದಿನ ಎರಡನೇ ಶನಿವಾರವಾಗಿದ್ದರೆ ಬುಧವಾರದವರೆಗೆ ಸಮಯವಿದೆ. ಹಾಗೆಂದು ಬುಧವಾರದವರೆಗೆ ಕಾಯುವುದು ಜಾಣತನವಲ್ಲ. ಕಾರ್ಡು ಬಂದ್ ಮಾಡಿಸುವವರೆಗೆ ಕಳ್ಳ ಸುಮ್ಮನಿರುವುದಿಲ್ಲ.

ಆ ಮಧ್ಯದ ಮಿತಿಯಲ್ಲಿ ನಮ್ಮವರಿಗೆ ಉಪಯೋಗವಾಗುವ ಒಂದು ಮಾತಿದೆ. ಸಣ್ಣ ಉದ್ದಿಮೆಯ ಕರೆಂಟ್, ಕ್ಯಾಶ್ ಕ್ರೆಡಿಟ್, ಓವರ್‌ಡ್ರಾಫ್ಟ್ ಖಾತೆಗೂ, 5 ಲಕ್ಷದವರೆಗಿನ ಕ್ರೆಡಿಟ್ ಕಾರ್ಡಿಗೂ ಸುತ್ತೋಲೆ ಇಟ್ಟ ಮಿತಿ 10,000 ರೂಪಾಯಿ. ಬೇರೆ ದೊಡ್ಡ ಕರೆಂಟ್ ಖಾತೆಗಳಿಗೆ 25,000. ಉದ್ಯಮ್ ನೋಂದಣಿ ಮಾಡಿಸಿದವರು ಅದರ ಪ್ರತಿಯನ್ನು ಬ್ಯಾಂಕಿಗೂ ಕೊಟ್ಟಿರುವುದು ಒಳ್ಳೆಯದು. ಹಲವರು ಸಾಲದ ಸಮಯಕ್ಕೆಂದು ನೋಂದಣಿ ಮಾಡಿಸಿ ಫೈಲಿನಲ್ಲಿಟ್ಟು ಮರೆತಿದ್ದಾರೆ. ನಿಮ್ಮ ಬ್ಯಾಂಕಿನ ಈಗಿನ ಧೋರಣೆಯನ್ನೂ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ನಿಂತಿರುವುದು ಬ್ಯಾಂಕಿನ ಸಂದೇಶ ಯಾರ ಫೋನಿಗೆ ಹೋಗುತ್ತದೆ ಎಂಬುದರ ಮೇಲೆ. ಇಲ್ಲಿಯೇ ನಮ್ಮವರ ದೊಡ್ಡ ತೊಡಕು. ಖಾತೆ ತೆರೆದಾಗ ಕೊಟ್ಟ ನಂಬರು ಹತ್ತು ವರ್ಷದ ಹಿಂದಿನ ಮ್ಯಾನೇಜರನದು. ಅವನು ಈಗ ಊರಿನಲ್ಲಿ ಸ್ವಂತ ಕ್ಯಾಂಟೀನು ಇಟ್ಟಿದ್ದಾನೆ. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರು ವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನಮ್ಮ ಜಿಲ್ಲೆಯವರೇ ಕಟ್ಟಿದ ಈ ಬ್ಯಾಂಕುಗಳಲ್ಲಿ ತಂದೆಯ ಕಾಲದಿಂದ ಖಾತೆ ಇಟ್ಟವರು ತಮ್ಮ ನಂಬರು, ಇಮೇಲು ಸರಿಯಾಗಿ ದಾಖಲಾಗಿದೆಯೇ ಎಂದು ಶಾಖೆಗೆ ಹೋಗಿ ನೋಡಿಕೊಳ್ಳಬೇಕು. ನೇಮ, ಜಾತ್ರೆಗೆಂದು ವಾರಗಟ್ಟಲೆ ಊರಿಗೆ ಹೋಗುವಾಗಲೂ ಆ ಫೋನು ಚಾಲೂ ಇರಲಿ.

ಸಂದೇಶ ಬಂದ ಕೂಡಲೇ ಬ್ಯಾಂಕಿನ 24 ತಾಸಿನ ನಂಬರಿಗೆ ಕರೆ ಮಾಡಿ ಕಾರ್ಡು ಬಂದ್ ಮಾಡಿಸಿ, ದೂರಿನ ನಂಬರು ಕೇಳಿ ಪಡೆಯಿರಿ. ಬಾಯಿಮಾತು ಸಾಲದು. ಅದೇ ದಿನ ಇಮೇಲಿನಲ್ಲಿ ಅಥವಾ ಪತ್ರದಲ್ಲಿ ಹಣ, ತಾರೀಕು, ಸಮಯ ಬರೆದು ಕೊಟ್ಟು ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಜತೆಗೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ಬೇಗ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇದೆ. ಠಾಣೆಗೆ ಹೋಗುವುದಾದರೆ ಕಲ್ಯಾಣ್, ಡೊಂಬಿವಲಿ ಥಾಣೆ ಕಮಿಷನರೇಟಿಗೆ ಸೇರಿವೆ, ವಾಶಿ, ನೆರೂಲ್, ಪನ್ವೇಲ್ ನವಿ ಮುಂಬಯಿ ಕಮಿಷನರೇಟಿಗೆ. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು ಎಂದು ಸುತ್ತೋಲೆ ಹೇಳಿತು. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನದೇ. ಕೌಂಟರಿನಲ್ಲಿ ‘ನೀವೇ ಉಪಯೋಗಿಸಿರಬೇಕು’ ಎಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ.

ಒಟಿಪಿ ಅಥವಾ ಪಿನ್ನನ್ನು ನಾವೇ ಕೊಟ್ಟಿದ್ದರೆ ಮಾತ್ರ ಸುತ್ತೋಲೆಯ ಲೆಕ್ಕ ಬೇರೆ. ದೂರು ಕೊಡುವವರೆಗಿನ ನಷ್ಟ ನಮ್ಮದು, ಅನಂತರದ್ದು ಬ್ಯಾಂಕಿನದು. ‘ಮಿಲಿಟರಿ ಕ್ಯಾಂಪಿನಿಂದ ಮಾತಾಡುತ್ತಿದ್ದೇನೆ, ಐವತ್ತು ಊಟ ಪಾರ್ಸೆಲ್ ಬೇಕು, ಮುಂಗಡ ಹಾಕಲು ಕಾರ್ಡಿನ ನಂಬರು ಹೇಳಿ’ ಎಂಬ ಕರೆ ನಮ್ಮ ಉದ್ಯಮದವರನ್ನೇ ಹುಡುಕಿಕೊಂಡು ಬರುತ್ತದೆ. ಹಣ ಕೊಡುವವನಿಗೆ ನಮ್ಮ ಕಾರ್ಡಿನ ನಂಬರು ಏಕೆ? ಊಟ ತಯಾರಾಗಿ ತಣ್ಣಗಾಗುತ್ತದೆ, ಖಾತೆಯೂ ಖಾಲಿಯಾಗುತ್ತದೆ.

ಇನ್ನು ಗಿರಾಕಿಯ ಕಾರ್ಡಿನ ವಿಷಯ. ಆತ ತನ್ನ ಬ್ಯಾಂಕಿನಲ್ಲಿ ತಕರಾರು ಎತ್ತಿದರೆ ನಮಗೆ ಮೆಶಿನು ಕೊಟ್ಟ ಬ್ಯಾಂಕಿನಿಂದ ನೋಟಿಸು ಬರುತ್ತದೆ, ಹೆಚ್ಚಾಗಿ ಇಮೇಲಿನಲ್ಲಿ. ಅದರಲ್ಲಿ ಹೇಳಿದ ಗಡುವಿನೊಳಗೆ ಬಿಲ್ಲು, ಸ್ಲಿಪ್ಪು ಕಳುಹಿಸದಿದ್ದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆ. ಸ್ಲಿಪ್ಪಿನ ಕಾಗದ ಬೇಗ ಮಾಸುವುದರಿಂದ ದೊಡ್ಡ ಮೊತ್ತದ್ದನ್ನು ಜೆರಾಕ್ಸ್ ಮಾಡಿಸಿ ಬಿಲ್ಲಿಗೆ ಪಿನ್ ಹಾಕಿಡಿ. ಕ್ಯಾಟರಿಂಗ್ ಮುಂಗಡವನ್ನು ಫೋನಿನಲ್ಲಿ ಕಾರ್ಡ್ ನಂಬರು ಬರೆದುಕೊಂಡು ತೆಗೆದುಕೊಳ್ಳುವುದು ಬೇಡ. ತಕರಾರು ಬಂದರೆ ನಮ್ಮ ಕೈಯಲ್ಲಿ ಆಧಾರವೇ ಇರುವುದಿಲ್ಲ. ವೇಟರ್ ಕಾರ್ಡನ್ನು ಒಳಗೆ ಒಯ್ಯದೆ ಮೆಶಿನನ್ನೇ ಟೇಬಲಿಗೆ ತರಲಿ, ಪಿನ್ನನ್ನು ಗಿರಾಕಿಯೇ ಒತ್ತಲಿ. ‘ಮೆಶಿನು ಬದಲಿಸಲು ಬಂದಿದ್ದೇನೆ’ ಎಂದು ಬಂದವನ ಗುರುತನ್ನು ಬ್ಯಾಂಕಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಮೆಶಿನು ಮುಟ್ಟಲು ಬಿಡಬೇಡಿ.

ದೂರು ಕೊಟ್ಟು 30 ದಿನವಾದರೂ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ಆಗ ಮೊದಲು ಕೇಳುವುದು ಮೊಹರು ಬಿದ್ದ ಆ ಪ್ರತಿಯನ್ನೇ.