ಮನೆಯೇ ಪಾಠಶಾಲೆಯಾದಾಗ

ಹಗಲೆಲ್ಲ ಹೋಟೇಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರ ಒಂದು ಪೀಳಿಗೆಯೇ ಮುಂಬಯಿಯಲ್ಲಿತ್ತು. ತಟ್ಟೆ ಲೋಟ ತೊಳೆದ ಕೈಗಳೇ ಮುಂದೆ ಲೆಕ್ಕದ ಪುಸ್ತಕ ಬರೆದವು. ಆ ರಾತ್ರಿಶಾಲೆಗಳಲ್ಲಿ ಹಲವು ಇಂದು ಬಾಗಿಲು ಮುಚ್ಚಿವೆ. ಆದರೆ ಒಂಬತ್ತನೆಯ ಇಯತ್ತೆಗೋ ಹತ್ತನೆಯದಕ್ಕೋ ಓದು ನಿಲ್ಲಿಸಿದ ಹುಡುಗ ಹುಡುಗಿಯರು ನಮ್ಮ ಚಾಳುಗಳಲ್ಲಿ ಇಂದಿಗೂ ಇದ್ದಾರೆ.

ಇಂಥವರಿಗೆ ದಾರಿ ಇಲ್ಲವೆಂದು ತಿಳಿಯಬಾರದು. ಕೇಂದ್ರ ಸರಕಾರವು 1989ರಲ್ಲಿ ಮುಕ್ತ ಶಾಲೆಯೊಂದನ್ನು ಸ್ಥಾಪಿಸಿತು. 2002ರಿಂದ ಅದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂಬ ಹೆಸರು. ಜನರ ಬಾಯಲ್ಲಿ ಅದು ಎನ್‌ಐಓಎಸ್. ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು. ಭಾಷಾ ವಿಷಯವಾಗಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ವರುಷಕ್ಕೆ ಎರಡು ಸಲ ಪರೀಕ್ಷೆ. ಐದು ವರುಷಗಳೊಳಗೆ ಒಂಬತ್ತು ಅವಕಾಶ. ಎಲ್ಲ ವಿಷಯಗಳನ್ನೂ ಒಮ್ಮೆಗೇ ಬರೆಯಬೇಕೆಂಬ ನಿರ್ಬಂಧವಿಲ್ಲ. ಒಮ್ಮೆ ಗೆದ್ದ ವಿಷಯದ ಅಂಕಗಳು ಖಾತೆಯಲ್ಲಿ ಉಳಿದಿರುತ್ತವೆ. ಮನೆಯಲ್ಲಿ ಬರೆದೊಪ್ಪಿಸುವ ಪಾಠಗಳಿಗೂ ಶೇಕಡಾ 20ರಷ್ಟು ಅಂಕಗಳುಂಟು.

ದಾರಿ ಇಷ್ಟು ಸುಗಮವಾಗಿದ್ದರೂ ನಡುವೆಯೇ ಕೈಬಿಡುವವರಿದ್ದಾರೆ. ಕಾರಣವೇನು? ಶಾಲೆಗೆ ಒಂದು ಗಂಟೆಯಿದೆ, ಮನೆಗೆ ಗಂಟೆಯಿಲ್ಲ. ಶಾಲೆಯಲ್ಲಿ ಕುಳ್ಳಿರಿಸುವವರು, ಕೇಳುವವರು, ಜೊತೆಗಾರರು ಇದ್ದಾರೆ. ಮನೆಯಲ್ಲಿ ಓದುವ ಹುಡುಗನಿಗೆ ಈ ಮೂರೂ ಇಲ್ಲ. ಪುಸ್ತಕ ಕೊಡಿಸಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಆ ಗಂಟೆಯನ್ನು ಬಾರಿಸುವವರು ಮನೆಯ ಹಿರಿಯರೇ ಆಗಬೇಕು.

ಮೊದಲನೆಯದು ಹೊತ್ತು. ಒಂದೇ ಖೋಲಿಯಲ್ಲಿ ಐದಾರು ಮಂದಿ ಬಾಳುವಲ್ಲಿ ಪ್ರತ್ಯೇಕ ಓದುವ ಕೋಣೆ ಎಲ್ಲಿಂದ ಬರಬೇಕು? ಆದರೆ ದಿನವೂ ಒಂದೇ ಸಮಯಕ್ಕೆ ಎರಡು ತಾಸು, ಗೋಡೆಯ ಬದಿಗೆ ಒಂದು ಚಾಪೆ, ಮೇಲೊಂದು ದೀಪ, ಇಷ್ಟನ್ನು ಬಡವನೂ ಒದಗಿಸಬಲ್ಲ. ಆ ಎರಡು ತಾಸು ಟೀವಿ ಮೌನವಾಗಿರಲಿ. ಪಾಠ ನೋಡಲು ಫೋನು ಬೇಕಾದರೆ, ತಂದೆಯ ಪಾಳಿಯನ್ನು ನೋಡಿಕೊಂಡು ಹೊತ್ತು ಗೊತ್ತುಮಾಡಲಿ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವು ಫೋನಿಗೆ ಬಂದಾಗ, ಇದ್ದ ಒಂದೇ ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿ, ಮಕ್ಕಳು ಬರಿಗೈಯಲ್ಲಿ ಕುಳಿತುದನ್ನು ನಾವು ಕಂಡಿದ್ದೇವೆ.

ಎರಡನೆಯದು ಕೇಳುವುದು. "ನಾನೇ ಓದಿದವನಲ್ಲ, ಮಗನಿಗೆ ಏನು ಕಲಿಸಲಿ?" ಎನ್ನುವ ತಂದೆಯರುಂಟು. ಕಲಿಸಬೇಕಾಗಿಲ್ಲ, ಅಣ್ಣ. ಊಟಕ್ಕೆ ಕುಳಿತಾಗ "ಇವತ್ತು ಓದಿದ್ದನ್ನು ನನಗೆ ತಿಳಿಯುವ ಹಾಗೆ ಹೇಳು ಮಗಾ" ಎನ್ನಿರಿ. ತಿಳಿಯದವನಿಗೆ ತಿಳಿಸಹೊರಟಾಗಲೇ ತನಗೆ ಎಷ್ಟು ತಿಳಿದಿದೆಯೆಂಬುದು ಅವನಿಗೆ ಗೊತ್ತಾಗುವುದು. ಹದಿನಾರರ ಪ್ರಾಯ ಬೈಗುಳಕ್ಕೆ ಬಗ್ಗುವುದಿಲ್ಲ. ಪಕ್ಕದ ಮನೆಯವನೊಡನೆ ಹೋಲಿಸಿದರಂತೂ ಪುಸ್ತಕವನ್ನೇ ಮುಚ್ಚಿಡುತ್ತದೆ.

ಮೂರನೆಯದು ಜೊತೆ. ಸಂಸ್ಥೆಯ ಅಧ್ಯಯನ ಕೇಂದ್ರಗಳಲ್ಲಿ ನಡೆಯುವ ಸಂಪರ್ಕ ತರಗತಿಗಳನ್ನು ತಪ್ಪಿಸಬಾರದು. ಅದೇ ಚಾಳಿನಲ್ಲಿ ಇನ್ನೊಬ್ಬರು ಓದುತ್ತಿದ್ದರೆ ಇಬ್ಬರೂ ಕೂಡಿ ಓದಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮನೆಯಲ್ಲಿದ್ದಾಳೆಂದರೆ ಬಿಡುವಾಗಿದ್ದಾಳೆಂದೇ ಮನೆಯವರ ಎಣಿಕೆ. ನಳದ ನೀರು ತುಂಬಿಸುವುದು, ತಮ್ಮನನ್ನು ನೋಡಿಕೊಳ್ಳುವುದು, ಪಾತ್ರೆ ಬೆಳಗುವುದು ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಕೊನೆಗೆ ಓದು ಹಿಂದೆ ಬಿದ್ದಿತೆಂದು ಮದುವೆಯ ಮಾತು ಮೊದಲಾಗುತ್ತದೆ. ತಾಯಂದಿರೇ, ಅವಳ ಎರಡು ತಾಸನ್ನು ಅವಳಿಗೇ ಬಿಟ್ಟುಕೊಡಿ.

ಹೋಟೇಲು ಮಾಲಕರಿಗೂ ಒಂದು ವಿನಂತಿ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅವರ ಸ್ಥಾನ ಶಾಲೆಯೇ. ಊರಿನಿಂದ ಬಂದ ಹದಿನೇಳರ ಹುಡುಗನಿಗಾದರೋ ಹೋಟೇಲೇ ಮನೆ. ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ, ಸಂಜೆಯ ತಿಂಡಿಗೆ ಜನ ಕೂಡುವ ಮೊದಲು ಸ್ವಲ್ಪ ಬಿಡುವಿರುವುದನ್ನು ನಾವು ಗಲ್ಲೆಯ ಮೇಲೆ ಕುಳಿತ ವರುಷಗಳಲ್ಲಿ ದಿನವೂ ಕಂಡವರು. ಆ ಹೊತ್ತಿಗೆ ಮೂಲೆಯ ಟೇಬಲೊಂದನ್ನು ಅವನಿಗೆ ಬಿಟ್ಟುಕೊಟ್ಟರೆ ವ್ಯಾಪಾರಕ್ಕೆ ನಷ್ಟವಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. "ಓದುವುದೇ ಬೇಡ, ಹಣ ಕೊಟ್ಟರೆ ಪಾಸು ಮಾಡಿಸುತ್ತೇವೆ" ಎನ್ನುವ ದಲ್ಲಾಳಿಗಳ ಬಳಿ ಸುಳಿಯಬೇಡಿರಿ. ಅರ್ಜಿಯನ್ನು ಸಂಸ್ಥೆಗೇ ನೇರವಾಗಿ ಸಲ್ಲಿಸಿರಿ. ಬರೆಯಲು ಬಾರದಿದ್ದರೆ ನಿಮ್ಮ ಪರಿಚಯದ ಗುಮಾಸ್ತರೊಬ್ಬರ ನೆರವು ಪಡೆಯಿರಿ. ಗುಮಾಸ್ತ ಬಂಧುಗಳು ರಜಾದಿನದ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಒಂದೊಂದು ಚಾಳಿನಲ್ಲಿ ಒಬ್ಬೊಬ್ಬರಾದರೂ ದಡ ಸೇರಿಯಾರು. ಐದು ವರುಷಗಳ ಅವಧಿ ದೀರ್ಘವೆಂದು ತೋರಬಹುದು. ಆದರೆ ದುಡಿಮೆಯ ನಡುವೆ ಅದು ಕಳೆದುಹೋದುದೇ ತಿಳಿಯದು. ಆದುದರಿಂದ ಮೊದಲ ಪರೀಕ್ಷೆಗೆ ಎರಡೇ ವಿಷಯ ಸಾಕು. ಓದು ಮಾತ್ರ ಇಂದೇ ಆರಂಭವಾಗಲಿ.