ಆಡದೆ ಉಳಿದ ಪಂದ್ಯ

ಆಫ್ರಿಕಾ ರಾಷ್ಟ್ರಗಳ ಕಾಲ್ಚೆಂಡಾಟದ ಪ್ರಥಮ ಪಂದ್ಯಾವಳಿ ನಡೆದದ್ದು 1957ರ ಫೆಬ್ರವರಿಯಲ್ಲಿ, ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ. ಸುಡಾನ್ ಸ್ವತಂತ್ರವಾಗಿ ಆಗಷ್ಟೇ ವರ್ಷ ತುಂಬಿತ್ತು. ಕಣಕ್ಕಿಳಿಯಬೇಕಾಗಿದ್ದ ದೇಶಗಳು ನಾಲ್ಕು: ಸುಡಾನ್, ಈಜಿಪ್ಟ್, ಇಥಿಯೋಪಿಯ, ದಕ್ಷಿಣ ಆಫ್ರಿಕಾ. ಆದರೆ ಬಿಳಿಯರೂ ಕರಿಯರೂ ಕೂಡಿದ ತಂಡವನ್ನು ಕಳುಹಿಸಲು ದಕ್ಷಿಣ ಆಫ್ರಿಕಾ ಒಪ್ಪಲಿಲ್ಲ. ವರ್ಣಭೇದದ ತಂಡಕ್ಕೆ ಉಳಿದವರು ಎಡೆಗೊಡಲಿಲ್ಲ. ಅದರ ಎದುರಾಳಿಯಾಗಿದ್ದ ಇಥಿಯೋಪಿಯ ಹೀಗೆ ಆಡದೆಯೇ ಅಂತಿಮ ಪಂದ್ಯಕ್ಕೆ ಬಂದಿತು.

ಈಜಿಪ್ಟ್ ಸುಡಾನನ್ನು 2–1ರಿಂದ ಸೋಲಿಸಿ, ಬಳಿಕ ಇಥಿಯೋಪಿಯವನ್ನು 4–0ಯಿಂದ ಮಣಿಸಿತು; ನಾಲ್ಕು ಗೋಲುಗಳೂ ಅದ್-ದಿಬಾ ಒಬ್ಬನವೇ. ಒಟ್ಟು ನಡೆದದ್ದು ಎರಡೇ ಆಟ. ಆದರೂ ಆ ಪಂದ್ಯಾವಳಿಯ ಘನತೆ ಉಳಿದಿರುವುದು ಆಡದೆ ಬಿಟ್ಟ ಮೂರನೆಯದರಲ್ಲಿ. ದಕ್ಷಿಣ ಆಫ್ರಿಕಾ ಈ ಕಣವನ್ನು ಮೊದಲು ತುಳಿದದ್ದು 1996ರಲ್ಲಿ, ಬಿಳಿಯರೂ ಕರಿಯರೂ ಒಂದೇ ತಂಡವಾಗಿ. ಆ ವರ್ಷ ಗೆದ್ದದ್ದೂ ಅದೇ.