ಜಡೆ ಬಿಗಿಯಾದಷ್ಟೂ ಬುಡ ಸಡಿಲ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕೂದಲಿನ ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ರನ್ನನ ‘ಗದಾಯುದ್ಧ’ದಿಂದ ದ್ರೌಪದಿಯ ಬಿಚ್ಚಿದ ಮುಡಿಯನ್ನು ತೆಗೆದುಬಿಟ್ಟರೆ ಭೀಮನ ಕೋಪಕ್ಕೆ ಅರ್ಧ ಕಾರಣವೇ ಉಳಿಯುವುದಿಲ್ಲ. ಅಕ್ಕಮಹಾದೇವಿಯ ಚಿತ್ರ ಬರೆಯುವವರಿಗೆ ಆಕೆಯ ನೀಳ ಕೂದಲಿಲ್ಲದೆ ಕೈ ಓಡುವುದಿಲ್ಲ. ಕಾವ್ಯಕ್ಕೆ ಬೇಕಾದ ಕೂದಲು ನಮ್ಮ ಪತ್ರಿಕೆಗೆ ಯಾಕೆ ಬೇಡ? ಅಲ್ಲದೆ ಸಂಪಾದಕರೇ ಹೇಳಿದ್ದಾರೆ: “ಕವಿತೆಗಳು ಬೇಕಾದಷ್ಟು ಬಂದಿವೆ, ನೀವು ವಿಜ್ಞಾನದವರು, ಏನಾದರೂ ಉಪಯೋಗಕ್ಕೆ ಬರುವಂಥದು ಕೊಡಿ.” ಕೊಡುತ್ತಿದ್ದೇನೆ.

ನಮ್ಮ ಕಾಲೇಜಿನ ಹುಡುಗಿಯರ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತು ಒಂದಿದೆ. “ಎಷ್ಟು ಎಣ್ಣೆ ಹಚ್ಚಿದ್ರೂ ನನ್ನ ಕೂದಲು ಭುಜದಿಂದ ಕೆಳಗೆ ಇಳೀತಾನೇ ಇಲ್ಲ ಕಣೆ!” ಈಚೆಗೆ ಕೂದಲು ಬಿಡುತ್ತಿರುವ ಹುಡುಗರೂ ಇದನ್ನೇ ಹೇಳುತ್ತಾರೆ. ಇದಕ್ಕೆ ನನ್ನ ಉತ್ತರ ಇಷ್ಟೇ: ನಿಮ್ಮ ಕೂದಲು ಬೆಳೆಯುತ್ತಲೇ ಇದೆ. ಬೆಳೆದದ್ದು ಉಳಿಯುತ್ತಿಲ್ಲ. ಮೇಲಿನಿಂದ ಬೆಳೆದಷ್ಟನ್ನೇ ಕೆಳಗಿನಿಂದ ನಾವು ದಿನಾ ಮುರಿದು ಹಾಕುತ್ತಿದ್ದೇವೆ. ತೂತು ಬಿದ್ದ ಕೊಡಕ್ಕೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ಏನು ಪ್ರಯೋಜನ? ಮೊದಲು ತೂತು ಮುಚ್ಚಬೇಕು.

ಕೂದಲಿನ ಲೆಕ್ಕಾಚಾರ

ಸಾಮಾನ್ಯವಾಗಿ ಒಬ್ಬರ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೀಗೆ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಮೂರು ತಿಂಗಳಷ್ಟು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಚ್ಚಲ ಜಾಲರಿಯಲ್ಲಿ ಒಂದು ಉಂಡೆ ಕಂಡ ಕೂಡಲೇ ಊರಿಗೆ ಫೋನು ಮಾಡಿ ಅಮ್ಮನನ್ನು ಗಾಬರಿಗೊಳಿಸಬೇಕಾಗಿಲ್ಲ.

ಕೂದಲಿನ ಜೀವ ಇರುವುದು ಚರ್ಮದ ಒಳಗಿನ ಬುಡದಲ್ಲಿ ಮಾತ್ರ. ಹೊರಗೆ ಕಾಣುವುದೆಲ್ಲ ಕೆರಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ, ಉಗುರಿನ ಹಾಗೆ. ಗಾಯವಾದರೆ ಚರ್ಮ ಮಾಯುತ್ತದೆ. ಸೀಳಿದ ಕೂದಲು ಮಾಯುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮ್ಮ ಕೂದಲು 60 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿ ಹುಟ್ಟಿ ಐದು ವರ್ಷವಾಯಿತು. ಅಂದರೆ ನೀವು ಹತ್ತನೆಯ ಇಯತ್ತೆಯಲ್ಲಿ ಬೀಜಗಣಿತ ಉರು ಹೊಡೆಯುತ್ತಿದ್ದಾಗ ತಲೆಯಿಂದ ಹೊರಗೆ ಬಂದ ಎಳೆ ಅದು. ಅಂದಿನಿಂದ ಎಷ್ಟು ಸಲ ನೆನೆದಿದೆ, ಒಣಗಿದೆ, ರಬ್ಬರು ಸುತ್ತಿಸಿಕೊಂಡಿದೆ! ಐದು ವರ್ಷದ ಹಳೆಯ ಸೀರೆಯನ್ನು ನಾವು ಕಲ್ಲಿನ ಮೇಲೆ ಬಡಿಯುವುದಿಲ್ಲ. ಕೂದಲಿನ ತುದಿಗೂ ಅಷ್ಟೇ ಮರ್ಯಾದೆ ಕೊಡಬೇಕು.

ಈ ಎಳೆಯ ಹೊರಮೈ ಹೇಗಿರುತ್ತದೆಂದರೆ, ಮಂಗಳೂರು ಹಂಚಿನ ಮಾಡಿನ ಹಾಗೆ. ಸಣ್ಣ ಸಣ್ಣ ಹುರುಪೆಗಳು ಒಂದರ ಮೇಲೊಂದು ಹೊದ್ದುಕೊಂಡು ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಹಂಚು ನೆಟ್ಟಗಿದ್ದರೆ ಒಳಗಿನ ಮರಕ್ಕೆ ಧಕ್ಕೆಯಿಲ್ಲ. ಹಂಚು ಹಾರಿಹೋದರೆ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ತುದಿ ಎರಡಾಗಿ ಸೀಳುವುದು ಹೀಗೆ.

ಉದುರಿದ್ದೋ, ಮುರಿದದ್ದೋ?

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲೆ ಇಡಿ. (ನಮ್ಮ ಧಾರವಾಡದ ಕಡೆ ಹಣಿಗೆ ಎನ್ನುತ್ತೇವೆ, ಉಡುಪಿಯ ಗೆಳತಿಯರು ಬಾಚಣಿಗೆ ಎಂದು ಓದಿಕೊಳ್ಳಲಿ.) ಉದ್ದನೆಯ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದು ಆಯುಸ್ಸು ಮುಗಿದು ಬುಡಸಮೇತ ಉದುರಿದ್ದು. ಗಂಟಿಲ್ಲದ ತುಂಡು ತುಂಡು ಕೂದಲೇ ಹೆಚ್ಚಾಗಿದ್ದರೆ ಅದು ಮುರಿದದ್ದು. ಮುರಿದ ಕೂದಲಿಗೆ ಕಾರಣವನ್ನು ತಲೆಯ ಒಳಗೆ ಹುಡುಕಬೇಡಿ. ನಾವು ದಿನಾ ತಲೆ ಕಟ್ಟುವ ರೀತಿಯಲ್ಲಿ ಹುಡುಕಿ.

ದಿನನಿತ್ಯದ ಕಟ್ಟುಗಳು

ಮೊದಲನೆಯದು ಒದ್ದೆ ಜಡೆ. ಮುಂಬಯಿಯ ಹುಡುಗಿಯರ ದೊಡ್ಡ ಶತ್ರು ಇದೇ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, 7-10ರ ಲೋಕಲ್ ಹಿಡಿಯುವ ಆತುರದಲ್ಲಿ ನೀರು ತೊಟ್ಟಿಕ್ಕುತ್ತಿರುವಾಗಲೇ ಬಿಗಿದು ಕಟ್ಟಿ ಓಡುತ್ತೇವೆ. ನೀರು ಹೀರಿದ ಕೂದಲು ಉಬ್ಬುತ್ತದೆ, ಮೃದುವಾಗುತ್ತದೆ, ಒಣಗಿದ ಕೂದಲಿಗಿಂತ ಹೆಚ್ಚು ಜಗ್ಗುತ್ತದೆ. ಜಗ್ಗುತ್ತದೆ ಎಂದು ಎಳೆದರೆ ಒಂದು ಹಂತದಲ್ಲಿ ಪಟ್ಟನೆ ಹರಿಯುತ್ತದೆ. ಆದ್ದರಿಂದ ತಲೆಸ್ನಾನವನ್ನು ಸಾಧ್ಯವಾದರೆ ಸಂಜೆಗೋ ರಜೆಯ ದಿನಕ್ಕೋ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಆಗಬೇಕಾದರೆ ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ. ಟವೆಲಿನಿಂದ ತಿಕ್ಕಬೇಡಿ. ಕಟ್ಟಲೇಬೇಕಾದರೆ ಕುತ್ತಿಗೆಯ ಹತ್ತಿರ ಸಡಿಲವಾಗಿ ಒಂದು ಕ್ಲಿಪ್ಪು ಸಾಕು. ಕಾಲೇಜು ಮುಟ್ಟಿದ ಮೇಲೆ ಜಡೆ ಹಾಕಿಕೊಂಡರಾಯಿತು.

ಎರಡನೆಯದು ಕುದುರೆಬಾಲ. ಇದರಲ್ಲಿ ತಪ್ಪೇನಿಲ್ಲ. ಆದರೆ ದಿನಾ ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ ಕಟ್ಟಿದರೆ ಆ ಒಂದೇ ಗೆರೆಯಲ್ಲಿ ಕೂದಲು ಮಡಚಿ ಮಡಚಿ ಸವೆಯುತ್ತದೆ. ತಂತಿಯನ್ನು ಒಂದೇ ಕಡೆ ಬಗ್ಗಿಸಿದರೆ ಮುರಿಯುವುದಿಲ್ಲವೇ, ಹಾಗೆ. ಪೊಟ್ಟಣ ಕಟ್ಟುವ ಬರಿಯ ರಬ್ಬರನ್ನಂತೂ ತಲೆಗೆ ಮುಟ್ಟಿಸಲೇಬೇಡಿ. ಬಿಚ್ಚುವಾಗ ಹತ್ತು ಕೂದಲನ್ನು ಜೊತೆಗೇ ಕಿತ್ತುಕೊಂಡು ಬರುತ್ತದೆ. ಬಟ್ಟೆ ಸುತ್ತಿದ ಅಗಲ ಬ್ಯಾಂಡು ಒಳ್ಳೆಯದು. ಒಂದು ದಿನ ಮೇಲೆ, ಒಂದು ದಿನ ಕೆಳಗೆ, ಒಂದು ದಿನ ಜಡೆ, ಹೀಗೆ ಜಾಗ ಬದಲಾಯಿಸುತ್ತಿರಿ. ಬೈತಲೆಯನ್ನೂ ಅಷ್ಟೇ, ಆಗಾಗ ಬೆರಳಗಲ ಆಚೀಚೆ ಸರಿಸಿ.

ಮೂರನೆಯದು ನಮ್ಮ ಹೆರಳು. ಉದ್ದ ಕೂದಲು ಬೆಳೆಸುವವರಿಗೆ ಇದಕ್ಕಿಂತ ಒಳ್ಳೆಯ ಕಟ್ಟು ಇಲ್ಲವೆಂದೇ ಹೇಳಬೇಕು. ಲೋಕಲ್ಲಿನ ಬಾಗಿಲ ಗಾಳಿಗೆ ಕೂದಲು ಹಾರಿ ಸಿಕ್ಕಾಗುವುದಿಲ್ಲ, ಬ್ಯಾಗಿನ ಪಟ್ಟಿಯಡಿ ಸಿಕ್ಕಿ ಹರಿಯುವುದಿಲ್ಲ. ಆದರೆ “ಬಿಗೀ ಹಾಕವ್ವಾ, ಸಂಜೀತನಕ ಬಿಚ್ಚಬಾರದು” ಎನ್ನುವ ಸಂಪ್ರದಾಯ ಮಾತ್ರ ಬೇಡ. ಮೊದಲ ಎರಡು ಹೆಣಿಗೆ ಸಡಿಲವಿರಲಿ, ಕೆಳಗೆ ಬಂದ ಮೇಲೆ ಬೇಕಾದರೆ ಬಿಗಿ ಮಾಡಿ. ಕಟ್ಟಿದ ಮೇಲೆ ಹುಬ್ಬು ಮೇಲೆತ್ತಿ ನೋಡಿ. ಹಣೆಯ ಚರ್ಮ ಜಗ್ಗಿದರೆ ಜಡೆ ಬಿಗಿಯಾಗಿದೆ ಎಂದೇ ಅರ್ಥ.

ನಾಲ್ಕನೆಯದು ತುರುಬು. ನಡುನೆತ್ತಿಯ ಮೇಲೆ ಬಿಗಿದು ತಿರುಚಿದ ತುರುಬಿನ ಭಾರವೆಲ್ಲ ಹಣೆಯಂಚಿನ ಕೂದಲಿನ ಮೇಲೆ ಬೀಳುತ್ತದೆ. ಕೆಳಗೆ, ಕುತ್ತಿಗೆಯ ಬಳಿ ಸಡಿಲವಾಗಿ ಸುತ್ತಿ ಮೊಂಡು ತುದಿಯ ಕಡ್ಡಿ ಸಿಕ್ಕಿಸಿದರೆ ಸಾಕು. ತುದಿಯ ಪ್ಲಾಸ್ಟಿಕ್ ಮಣಿ ಬಿದ್ದುಹೋದ ಹೇರ್‌ಪಿನ್ನುಗಳನ್ನು ಇವತ್ತೇ ಬಿಸಾಡಿ. ಮದುವೆಗೋ ಹಬ್ಬಕ್ಕೋ ಹಾಕುವ ಮೊಗ್ಗಿನ ಜಡೆಗೆ ನನ್ನ ತಕರಾರಿಲ್ಲ. ಒಂದು ದಿನದ ಭಾರವನ್ನು ತಲೆ ತಡೆದುಕೊಳ್ಳುತ್ತದೆ.

ಐದನೆಯದು ಕೂದಲಿಗೆ ಇಸ್ತ್ರಿ. ಅದರಲ್ಲೂ ಒದ್ದೆ ಕೂದಲಿಗೆ ಕಾದ ಇಸ್ತ್ರಿ ಒತ್ತಿದರೆ ಎಳೆಯ ಒಳಗಿನ ನೀರು ಕುದಿದು ಆವಿಯಾಗಿ ಗುಳ್ಳೆ ಏಳುತ್ತದೆ. ಮುಂದೆ ಅಲ್ಲಿಯೇ ಕೂದಲು ಮುರಿಯುತ್ತದೆ. ಉದ್ದ ಬೆಳೆಸಬೇಕೆನ್ನುವವರು ಇದನ್ನು ಗ್ಯಾದರಿಂಗಿನ ದಿನಕ್ಕೆ ಮೀಸಲಿಡಲಿ, ಅದೂ ಪೂರ್ತಿ ಒಣಗಿದ ಮೇಲೆ.

ಹಣಿಗೆ, ಎಣ್ಣೆ, ಕತ್ತರಿ

ಸಿಕ್ಕು ಬಿಡಿಸುವಾಗ ನೆತ್ತಿಯಿಂದ ಒಂದೇ ಸಲ ಕೆಳಗೆ ಎಳೆದರೆ ಸಿಕ್ಕೆಲ್ಲ ಕೆಳಗೆ ಸೇರಿ ಗಂಟಾಗುತ್ತದೆ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯ ನಾಲ್ಕು ಬೆರಳಿನಷ್ಟು, ಆಮೇಲೆ ಅದರ ಮೇಲೆ, ಆಮೇಲೆ ಇನ್ನೂ ಮೇಲೆ ಹೀಗೆ ಬಿಡಿಸುತ್ತ ಹೋಗಿ. ಪ್ರತಿ ಸಲವೂ ಬಾಚುವುದು ಮಾತ್ರ ಕೆಳಮುಖವಾಗಿಯೇ ಇರಲಿ. ಹಂಚಿನ ಮಾಡನ್ನು ಕೆಳಗಿನಿಂದ ಮೇಲಕ್ಕೆ ಗುಡಿಸಿದರೆ ಹಂಚು ಏಳುತ್ತದೆಯಲ್ಲವೇ?

ಎಣ್ಣೆಯ ವಿಷಯದಲ್ಲಿ ಅಜ್ಜಿಯಂದಿರು ಅರ್ಧ ಸರಿ. ಎಣ್ಣೆಯಿಂದ ಕೂದಲು ಬೇಗ ಬೆಳೆಯುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಸ್ನಾನಕ್ಕೆ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲನ್ನು ಕಾಯುತ್ತದೆ ಎನ್ನುವುದಕ್ಕೆ ಆಧಾರವಿದೆ. 2003ರಲ್ಲಿ ಇದೇ ಮುಂಬಯಿಯ ಮಾರಿಕೊ ಕಂಪನಿಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಸಣ್ಣ, ನೇರವಾದ ಅಣುಗಳು ಎಳೆಯ ಒಳಕ್ಕೆ ಇಳಿಯುತ್ತವೆ ಎಂಬುದು ಅವರ ವಿವರಣೆ. ಆ ಕಂಪನಿ ಕೊಬ್ಬರಿ ಎಣ್ಣೆಯನ್ನೇ ಮಾರುತ್ತದೆ ಎನ್ನುವುದೂ ನೆನಪಿರಲಿ; ವಿಜ್ಞಾನದ ವಿದ್ಯಾರ್ಥಿಗಳು ಎರಡನ್ನೂ ತೂಗಿ ನೋಡಬೇಕು. ನಾನಂತೂ ರಾತ್ರಿ ಎರಡು ಚಮಚ ಹಚ್ಚಿ, ಸಡಿಲ ಜಡೆ ಹಾಕಿ ಮಲಗುತ್ತೇನೆ. ಖರ್ಚು ಕಡಿಮೆ, ಕೇಡಿಲ್ಲ.

ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎನ್ನುವುದು ಸುಳ್ಳು, ಬುಡಕ್ಕೆ ತುದಿಯ ಸುದ್ದಿ ತಿಳಿಯುವುದಿಲ್ಲ. ಆದರೆ ಸೀಳಿದ ತುದಿಯನ್ನು ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದೆ. ನಾಲ್ಕು ತಿಂಗಳಲ್ಲಿ 4 ಸೆಂಟಿಮೀಟರ್ ಬೆಳೆದಾಗ 1 ಸೆಂಟಿಮೀಟರ್ ಕತ್ತರಿಸಿದರೂ 3 ಲಾಭವೇ.

ಬುಡದ ಮಾತು

ಇಲ್ಲಿಯವರೆಗೆ ಹೇಳಿದ್ದು ತುದಿಯ ನಷ್ಟ. ಕತ್ತರಿಸಿದರೆ ಮುಗಿಯಿತು, ಹೊಸದು ಬರುತ್ತದೆ. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಬುಡದ ನಷ್ಟ.

ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನಲ್ಲಿ, ಕಿವಿಯ ಮೇಲಿನ ಭಾಗದಲ್ಲಿ ಕೂದಲು ವಿರಳವಾಗುತ್ತ ಹೋಗುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೀಶಿಯ ಎನ್ನುತ್ತಾರೆ, ನಾವು ಎಳೆತದ ಬೋಳು ಎನ್ನೋಣ. ಇದೇನೂ ಹೊಸ ರೋಗವಲ್ಲ. ಬಿಗಿಯಾಗಿ ಜುಟ್ಟು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿ 1907ರಲ್ಲೇ ಬರೆದಿದ್ದಾರೆ. ಜುಟ್ಟು ಬಿಗಿಯುವ ಸಿಖ್ ಯುವಕರಲ್ಲೂ ಇದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಹುಡುಗರು ‘ಇದು ನಮಗಲ್ಲ’ ಎಂದು ಪುಟ ತಿರುಗಿಸಬೇಡಿ.

ನನ್ನ ಸೋದರತ್ತೆ ಇಲ್ಲಿಯೇ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ಮೂವತ್ತು ವರ್ಷ ಬೆಳಗಿನ ಗಾಡಿ ಹಿಡಿದವರು. ಒಂದು ಕೂದಲೂ ಹಾರಬಾರದೆಂದು ಎಣ್ಣೆ ಹಚ್ಚಿ, ಬಿಗಿದು, ತುರುಬು ಕಟ್ಟುತ್ತಿದ್ದರು. ಈಗ ಅವರ ಹಣೆ ಎರಡೂ ಪಕ್ಕಕ್ಕೆ ಎರಡೆರಡು ಬೆರಳು ಹಿಂದೆ ಸರಿದಿದೆ. ಅಲ್ಲಿನ ಚರ್ಮ ನುಣ್ಣಗೆ ಹೊಳೆಯುತ್ತದೆ. ಕೂದಲಿನ ಬುಡಗಳು ಮುಚ್ಚಿಹೋಗಿವೆ, ಔಷಧದಿಂದ ಇನ್ನು ಬರುವುದಿಲ್ಲ ಎಂದರು ವೈದ್ಯರು. ಅತ್ತೆ ನನ್ನೆದುರು ಅಂದದ್ದು ಇಷ್ಟೇ: “ನನಗ ಯಾರೂ ಹೇಳಲಿಲ್ಲ ನೋಡವಾ. ಹೇಳಿದ್ರ ಸಡ್ಲ ಕಟ್ಟತಿದ್ದೆ.”

ನಮ್ಮ ಸಂಘದಲ್ಲೇ ಭರತನಾಟ್ಯ ಕಲಿಯುವ ಗೆಳತಿಯೊಬ್ಬಳಿದ್ದಾಳೆ. ದಿನಾ ಅಭ್ಯಾಸಕ್ಕೂ ಸವರಿ ಸೇರಿಸಿ ಬಿಗಿ ಜಡೆ. ಸಂಜೆ ಬಿಚ್ಚಿದಾಗ ತಲೆ ನೋಯುತ್ತಿತ್ತು, ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದವು, ಅಂಚಿನಲ್ಲಿ ಸಣ್ಣ ಕೂದಲಿನ ಒಂದು ಸಾಲು ಉಳಿದು ಅದರ ಹಿಂದೆ ಖಾಲಿಯಾಗತೊಡಗಿತ್ತು. ಈ ಮೂರೂ ಎಳೆತದ ಬೋಳಿನ ಲಕ್ಷಣಗಳೇ. ಚರ್ಮವೈದ್ಯರು ಬಿಗಿ ಜಡೆ ನಿಲ್ಲಿಸಲು ಹೇಳಿದರು. “ಗುರುಗಳ ಹತ್ರ ಹೇಗೆ ಹೇಳೂದು?” ಎಂದು ಅವಳಿಗೆ ಸಂಕೋಚ. ಹೇಳಿದಾಗ ಗುರುಗಳು ಕೂಡಲೇ ಒಪ್ಪಿದರಂತೆ: ಅಭ್ಯಾಸಕ್ಕೆ ಸಡಿಲ ಜಡೆ, ರಂಗದ ಮೇಲೆ ಮಾತ್ರ ಸವರಿ. ಎಂಟು ತಿಂಗಳಲ್ಲಿ ಅವಳ ಹಣೆಯಂಚು ತುಂಬಿಕೊಂಡಿದೆ.

ಕಾರಣ ಇಬ್ಬರಿಗೂ ಒಂದೇ. ಒಬ್ಬರಿಗೆ ಬೇಗ ತಿಳಿಯಿತು, ಒಬ್ಬರಿಗೆ ತಡವಾಯಿತು. ವ್ಯತ್ಯಾಸ ಅಷ್ಟರಲ್ಲೇ ಇದೆ.

ಕೂದಲುದುರಲು ಬೇರೆ ಕಾರಣಗಳೂ ಇವೆ. ಡೆಂಗ್ಯೂ, ಟೈಫಾಯಿಡ್‌ನಂಥ ಜ್ವರ ಬಂದು ಎರಡು ಮೂರು ತಿಂಗಳಿಗೆ ರಾಶಿ ಉದುರಬಹುದು. ರಕ್ತದಲ್ಲಿ ಕಬ್ಬಿಣದ ಕೊರತೆ ಇರಬಹುದು. ದುಂಡಗೆ ಮಚ್ಚೆ ಮಚ್ಚೆಯಾಗಿ ಕೂದಲು ಹೋದರೆ ಎಣ್ಣೆ ಬದಲಾಯಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.

ಉಳಿದಂತೆ, ಇವತ್ತು ಮನೆಗೆ ಹೋಗಿ ಜಡೆ ಬಿಚ್ಚಿದಾಗ ನೆತ್ತಿ ನೊಂದರೆ ಅದನ್ನು ದಣಿವು ಎಂದುಕೊಳ್ಳಬೇಡಿ. ನಾಳೆ ಒಂದು ಹೆಣಿಗೆ ಸಡಿಲ ಮಾಡಿ. ಆಮೇಲೆ ನಿಮ್ಮ ತಂಗಿಗೋ ತಮ್ಮನಿಗೋ, ಮನೆಯಲ್ಲಿ ಬಿಗಿ ತುರುಬು ಕಟ್ಟುವ ಅಮ್ಮನಿಗೋ ಒಂದು ಮಾತು ಹೇಳಿ.